ಪಿತೃಋಣ

ಮನುಷ್ಯನು ತನ್ನ ಪೂರ್ವಿಕರನ್ನು ಅರಸಿಕೊಂಡು ಹೋಗುವುದು ಸಾಮಾನ್ಯವಾಗಿ ಗೌರವದ ಆಸೆಯಿಂದ. ವಂಶಾವಳಿಯನ್ನು ಬರೆಯಿಸುವವನು ಅದರ ಮೂಲದಲ್ಲಿ ಒಬ್ಬ ವೀರನೋ, ಒಬ್ಬ ವಿದ್ವಾಂಸನೋ, ಕಡೆಗೆ ನಾಲ್ಕು ಜನರಿಗೆ ಅನ್ನವಿಟ್ಟ ಒಬ್ಬ ಪುಣ್ಯವಂತನೋ ಇದ್ದೇ ಇರುವನೆಂಬ ನಂಬಿಕೆಯಿಂದ ಲೇಖನಿಯನ್ನು ಕೈಗೆತ್ತಿಕೊಳ್ಳುತ್ತಾನೆ. ಮೂಲಪುರುಷನ ಕೈಯಲ್ಲಿ ರಕ್ತದ ಕಲೆಯೂ ಇರಬಹುದೆಂದು ಶಂಕಿಸಿ ಹುಡುಕುವವರು ವಿರಳ. ಹುಡುಕಿ ಕಂಡ ಮೇಲೆ ಅದನ್ನು ಬಾಯಿಬಿಟ್ಟು ಹೇಳುವವರು ಇನ್ನೂ ವಿರಳ.

ಈ ಆಸೆಯು ಒಂದು ದೇಶಕ್ಕೆ ಮೀಸಲಾದುದಲ್ಲ. ಅಮೆರಿಕವು ಹೊಸ ನಾಡೆಂದು ಹೆಸರಾಗಿದ್ದರೂ ಅಲ್ಲಿನವರಿಗೂ ಹಳೆಯ ಮನೆತನದ ಮೋಹವು ಕಡಮೆಯಿಲ್ಲ. ವಂಶಚರಿತ್ರೆಗಳನ್ನು ಸಂಗ್ರಹಿಸುವುದಕ್ಕೆಂದೇ ೧೮೪೫ರಲ್ಲಿ ಬಾಸ್ಟನ್ ನಗರದಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ಅದು ಇಂದಿಗೂ ನಡೆಯುತ್ತಿದೆ. ಹದಿನೇಳನೆಯ ಶತಮಾನದಲ್ಲಿ ಕಡಲನ್ನು ದಾಟಿ ಬಂದ ಪ್ಯೂರಿಟನ್ ವಲಸೆಗಾರನೊಬ್ಬನನ್ನು ತಮ್ಮ ಮೂಲಪುರುಷನೆಂದು ತೋರಿಸಬಲ್ಲವರಿಗೆ ಅದೊಂದು ಹೆಮ್ಮೆಯ ವಿಷಯ. ಅಂತಹ ಮೂಲಪುರುಷನನ್ನೇ ಅರಸಿ ಹೊರಟು, ಗೌರವದ ಜೊತೆಯಲ್ಲಿ ತೀರದ ಒಂದು ಋಣವನ್ನೂ ಕಂಡು, ಅದನ್ನು ತನ್ನದೆಂದು ಲೋಕದ ಮುಂದೆ ಒಪ್ಪಿಕೊಂಡವನೊಬ್ಬನುಂಟು. ಅವನೇ ಪ್ರಸಿದ್ಧ ಕಥೆಗಾರನಾದ ನಥಾನಿಯಲ್ ಹಾಥಾರ್ನ್.

ಹಾಥಾರ್ನನು ೧೮೦೪ನೆಯ ಇಸವಿ ಜುಲೈ ೪ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂ ಎಂಬ ರೇವುಪಟ್ಟಣದಲ್ಲಿ ಹುಟ್ಟಿದನು. ಕನ್ನಡ ವಾಚಕರಿಗೆ ಪರಿಚಿತವಾದ ದಕ್ಷಿಣದೇಶದ ಸೇಲಂ ಬೇರೆ, ಇದು ಬೇರೆ. ಅವನ ತಂದೆ ಹಡಗಿನ ಕಪ್ತಾನನಾಗಿದ್ದು, ೧೮೦೮ರಲ್ಲಿ ದೂರದ ಸುರಿನಾಮ್ ದೇಶದಲ್ಲಿ ಹಳದಿ ಜ್ವರದಿಂದ ತೀರಿಕೊಂಡನು. ನಾಲ್ಕು ವರ್ಷದ ಬಾಲಕನಿಗೆ ತಂದೆಯ ನೆನಪು ಹೆಚ್ಚಾಗಿ ಉಳಿಯಲಿಲ್ಲ. ತಾಯಿಯ ತೌರುಮನೆಯವರ ಆಶ್ರಯದಲ್ಲಿ ಬೆಳೆದು, ಬೌಡನ್ ಕಾಲೇಜಿನಲ್ಲಿ ಓದಿ, ೧೮೨೫ರಲ್ಲಿ ಊರಿಗೆ ಹಿಂದಿರುಗಿದವನು ಮುಂದಿನ ಹತ್ತು ಹನ್ನೆರಡು ವರ್ಷಗಳನ್ನು ಬಹುಮಟ್ಟಿಗೆ ಏಕಾಂತದಲ್ಲಿ ಕಳೆದನು. ತಾಯಿಯ ಸೋದರಿಯೊಬ್ಬಳಿಗೆ ಸೇಲಮಿನ ಪುಸ್ತಕಭಂಡಾರದಲ್ಲಿ ಪಾಲಿತ್ತು. ಅವಳ ಹೆಸರಿನಲ್ಲಿ ಅವನು ನ್ಯೂ ಇಂಗ್ಲೆಂಡಿನ ಹಳೆಯ ಚರಿತ್ರೆಗಳನ್ನೂ ಊರಿನ ವೃತ್ತಾಂತಗಳನ್ನೂ ತರಿಸಿಕೊಂಡು ಓದಿದನು. ತಂದೆಯ ಮುಖವನ್ನು ಸರಿಯಾಗಿ ಕಾಣದವನು ತಂದೆಯ ತಂದೆಗಳ ಮುಖವನ್ನು ಹೀಗೆ ಪುಸ್ತಕಗಳಲ್ಲಿ ಹುಡುಕತೊಡಗಿದನು.

ಅಲ್ಲಿ ಅವನಿಗೆ ಮೊದಲು ಎದುರಾದವನು ವಿಲಿಯಂ ಹಾಥಾರ್ನ್. ಇಂಗ್ಲೆಂಡಿನ ಧರ್ಮಸಂಸ್ಥೆಯಲ್ಲಿ ಉಳಿದಿದ್ದ ಆಡಂಬರದ ಪೂಜಾವಿಧಿಗಳನ್ನು ತೊಡೆದುಹಾಕಿ, ಬೈಬಲಿನಲ್ಲಿ ಹೇಳಿದಷ್ಟನ್ನೇ ಆಚರಿಸಬೇಕೆಂದು ಹಟ ಹಿಡಿದವರಿಗೆ ಪ್ಯೂರಿಟನ್ನರೆಂದು ಹೆಸರು. ಮೊದಲನೆಯ ಚಾರ್ಲ್ಸ್ ದೊರೆಯ ಆಳಿಕೆಯಲ್ಲಿ ಅವರಿಗೆ ಸ್ವದೇಶದಲ್ಲಿ ಬಾಳುವುದು ಕಷ್ಟವಾಯಿತು. ೧೬೩೦ರಲ್ಲಿ ಜಾನ್ ವಿಂಥ್ರಪ್ ಎಂಬ ಮುಖಂಡನೊಡನೆ ಹನ್ನೊಂದು ಹಡಗುಗಳು ಅಟ್ಲಾಂಟಿಕ್ ಸಾಗರವನ್ನು ದಾಟಿದುವು. ಆ ದಶಕದ ಮೊದಲ ವರ್ಷಗಳಲ್ಲಿಯೇ ವಿಲಿಯಮನೂ ಬಂದು, ಮೊದಲು ಡಾರ್ಚೆಸ್ಟರಿನಲ್ಲಿದ್ದು, ೧೬೩೬ರ ಹೊತ್ತಿಗೆ ಸೇಲಮಿನಲ್ಲಿ ನೆಲಸಿದನು. ಅಂದಿನ ಸೇಲಂ ಎಂದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಡು, ನಡುವೆ ಕೆಲವು ಮರದ ಮನೆಗಳು.

ವಿಲಿಯಮನು ಸಾಮಾನ್ಯ ಮನುಷ್ಯನಾಗಿರಲಿಲ್ಲ. ಸೈನ್ಯದಲ್ಲಿ ಮೇಜರ್ ಪದವಿ, ನ್ಯಾಯಸ್ಥಾನದಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರ, ಇವೆರಡೂ ಅವನಿಗೆ ದೊರೆತವು. ೧೬೪೪ರಲ್ಲಿ ವಸಾಹತಿನ ಪ್ರತಿನಿಧಿಸಭೆಯು ಬೇರೆಯಾಗಿ ಕುಳಿತಾಗ ಅದರ ಮೊದಲ ಅಧ್ಯಕ್ಷನಾದವನು ಅವನೇ. ೧೬೬೬ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಗವರ್ನರ್ ಬೆಲ್ಲಿಂಗ್‌ಹ್ಯಾಮನನ್ನೂ ಮೇಜರ್ ಹಾಥಾರ್ನನನ್ನೂ ಇಂಗ್ಲೆಂಡಿಗೆ ಬಂದು ಉತ್ತರ ಹೇಳತಕ್ಕದ್ದೆಂದು ಆಜ್ಞಾಪಿಸಿದನು. ವಸಾಹತಿನವರು ಇಬ್ಬರಲ್ಲಿ ಒಬ್ಬನನ್ನೂ ಕಳುಹಿಸದೆ, ರಾಜನ ನೌಕಾಪಡೆಗೆಂದು ಪಟದ ಕಂಬಕ್ಕೆ ತಕ್ಕ ಹೆಮ್ಮರಗಳನ್ನು ಕಾಣಿಕೆಯಾಗಿ ಕಳುಹಿಸಿದರು. ದೊರೆಯ ಆಜ್ಞೆಗೂ ತಲೆಬಾಗದ ಇಂತಹ ಮೂಲಪುರುಷನನ್ನು ಕಂಡು ಯಾವ ಮೊಮ್ಮಗನ ಎದೆ ತಾನೇ ಉಬ್ಬದು? ಹುಡುಕಾಟವು ಇಲ್ಲಿಗೇ ನಿಂತಿದ್ದರೆ ಹಾಥಾರ್ನನ ವಂಶಚರಿತ್ರೆಯು ಇತರರ ವಂಶಚರಿತ್ರೆಗಳಂತೆಯೇ ಸುಖವಾಗಿ ಮುಗಿಯುತ್ತಿತ್ತು.

ಅದು ಅಲ್ಲಿಗೆ ನಿಲ್ಲಲಿಲ್ಲ. ವಿಲಿಯಮನ ಹೆಸರು ಪಟ್ಟಣದ ಕಡತಗಳಲ್ಲಿದ್ದಂತೆಯೇ ಕ್ವೇಕರರ ಚರಿತ್ರೆಗಳಲ್ಲಿಯೂ ಇತ್ತು. ಪುರೋಹಿತರು ಬೇಡ, ಬಾಹ್ಯವಿಧಿಗಳು ಬೇಡ, ಪ್ರತಿಯೊಬ್ಬನ ಅಂತರಂಗದಲ್ಲಿಯೂ ಈಶ್ವರನ ಬೆಳಕುಂಟು ಎಂಬುದು ಕ್ವೇಕರರ ಮತ. ಸ್ವದೇಶದಲ್ಲಿ ಮತದ ಕಾರಣ ಹಿಂಸೆಯನ್ನು ತಾಳಲಾರದೆ ಸಮುದ್ರವನ್ನು ದಾಟಿ ಬಂದಿದ್ದ ಪ್ಯೂರಿಟನ್ನರೇ ಈ ಸಾಧುಜನರನ್ನು ತಮ್ಮ ನೆಲದಲ್ಲಿ ಸಹಿಸದಾದರು. ೧೬೫೯ರಿಂದ ೧೬೬೧ರ ವರೆಗೆ ನಾಲ್ವರು ಕ್ವೇಕರರನ್ನು ಬಾಸ್ಟನ್ನಿನಲ್ಲಿ ಗಲ್ಲಿಗೇರಿಸಿದರು. ಅವರಲ್ಲಿ ಮೇರಿ ಡಯರ್ ಎಂಬ ಹೆಂಗಸೂ ಒಬ್ಬಳು. ಆಮೇಲೆ ಕ್ವೇಕರರನ್ನು ಬಂಡಿಯ ಹಿಂಬದಿಗೆ ಕಟ್ಟಿ, ಊರಿಂದೂರಿಗೆ ಚಾವಟಿಯಿಂದ ಹೊಡೆಯುತ್ತ ಎಲ್ಲೆಯಾಚೆಗೆ ಅಟ್ಟಬೇಕೆಂಬ ಶಾಸನವಾಯಿತು. ಆನ್ ಕೋಲ್ಮನ್ ಎಂಬ ಕ್ವೇಕರ್ ಸ್ತ್ರೀಯನ್ನು ಹಾಗೆ ಹೊಡೆಯಿಸಿದ ಅಧಿಕಾರಿಯು ಮೇಜರ್ ವಿಲಿಯಂ ಹಾಥಾರ್ನ್.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಹೊಡೆಸಿದವನ ಮನೆಯವರು ಅವನ ಪದವಿಗಳನ್ನು ನೆನಪಿಟ್ಟುಕೊಂಡರು. ಹೊಡೆಸಿಕೊಂಡವರ ಮತಬಾಂಧವರು ಆ ಪೆಟ್ಟುಗಳನ್ನು ನೆನಪಿಟ್ಟುಕೊಂಡರು. ಪೂರ್ವಿಕನ ಪೂರ್ಣಚಿತ್ರ ಬೇಕೆಂಬುವನು ತನ್ನ ಮನೆಯ ಪೆಟ್ಟಿಗೆಯನ್ನು ತೆರೆದರೆ ಸಾಲದು. ಆ ಪೂರ್ವಿಕನಿಂದ ನೊಂದವರ ಮನೆಯ ಪೆಟ್ಟಿಗೆಯನ್ನೂ ತೆರೆದು ನೋಡಬೇಕು. ಹಾಥಾರ್ನನು ಎರಡನ್ನೂ ನೋಡಿದನು. ೧೮೪೯ರಲ್ಲಿ ಪ್ರಕಟವಾದ ಅವನ ‘ಮೇನ್ ಸ್ಟ್ರೀಟ್’ ಎಂಬ ಬರಹದಲ್ಲಿ ಸೇಲಮಿನ ಹೆದ್ದಾರಿಯ ಚರಿತ್ರೆಯೆಲ್ಲ ಬೊಂಬೆಯಾಟದಂತೆ ಕಣ್ಣೆದುರಿಗೆ ಸಾಗುತ್ತದೆ. ಅದರಲ್ಲಿ ಆನ್ ಕೋಲ್ಮನ್ನಳನ್ನು ಹೊಡೆಯುವ ದೃಶ್ಯವೂ ಇದೆ: ಸೇಲಮಿನಲ್ಲಿ ಹತ್ತು ಏಟು, ಬಾಸ್ಟನ್ನಿನಲ್ಲಿ ಹತ್ತು, ಡೆಡಮಿನಲ್ಲಿ ಹತ್ತು. ಆಜ್ಞೆ ಕೊಟ್ಟವನ ಹೆಸರನ್ನು ಅವನು ಮರೆಸಲಿಲ್ಲ.

ವಿಲಿಯಮನು ೧೬೮೧ರಲ್ಲಿ ಕಾಲವಾದನು. ೧೬೪೧ರಲ್ಲಿ ಹುಟ್ಟಿದ ಅವನ ಮಗ ಜಾನನು ತಂದೆಯಂತೆಯೇ ಮ್ಯಾಜಿಸ್ಟ್ರೇಟನಾದನು. ಮಗನು ತಂದೆಯನ್ನು ಮೀರಿಸುವುದು ಗುಣದಲ್ಲಿಯೇ ಆಗಬೇಕೆಂಬ ನಿಯಮವೇನೂ ಇಲ್ಲ. ೧೬೯೨ರ ಆರಂಭದಲ್ಲಿ ಸೇಲಮಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಕೆಲವು ಹುಡುಗಿಯರು ಬಿದ್ದು ಒದ್ದಾಡಿ, ಯಾರೋ ತಮ್ಮನ್ನು ಚುಚ್ಚುತ್ತಾರೆ, ಹಿಸುಕುತ್ತಾರೆ ಎಂದು ಕೂಗತೊಡಗಿದರು. ಇದು ಮಾಟಗಾತಿಯರ ಕೆಲಸವೆಂದು ದೊಡ್ಡವರು ನಿಶ್ಚಯಿಸಿದರು. ಮಾರ್ಚ್ ೧ರಂದು ಜಾನ್ ಹಾಥಾರ್ನನೂ ಜಾನಥನ್ ಕಾರ್ವಿನನೂ ವಿಚಾರಣೆಗೆ ಕುಳಿತರು. ಮೊದಲು ಬಂದವರು ಮೂವರು ಹೆಂಗಸರು: ಭಿಕ್ಷೆ ಬೇಡಿ ಬದುಕುತ್ತಿದ್ದ ಸಾರಾ ಗುಡ್, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್, ಪಾದ್ರಿಯ ಮನೆಯ ದಾಸಿಯಾದ ಟಿಟುಬಾ.

ಆ ವಿಚಾರಣೆಗಳ ಬರಹವು ಇಂದಿಗೂ ಉಳಿದಿದೆ. ಅದನ್ನು ಓದಿದವರಿಗೆ ಜಾನನ ರೀತಿಯು ಸ್ಪಷ್ಟವಾಗುತ್ತದೆ. ಅಪರಾಧವು ನಡೆದಿದೆಯೇ ಎಂದು ಅವನು ಕೇಳುವುದಿಲ್ಲ; ಏಕೆ ಮಾಡಿದೆ, ಯಾವ ಪಿಶಾಚಿಯೊಡನೆ ನಿನಗೆ ಸ್ನೇಹ ಎಂದೇ ಕೇಳುತ್ತಾನೆ. ಆರೋಪಿಯ ಛಾಯಾರೂಪವು ಬಂದು ತನ್ನನ್ನು ಪೀಡಿಸಿತೆಂದು ಹುಡುಗಿಯೊಬ್ಬಳು ಹೇಳಿದರೆ ಅದೇ ಸಾಕ್ಷ್ಯ. ಆರೋಪಿಯು ಆ ಹೊತ್ತಿನಲ್ಲಿ ಬೇರೆಲ್ಲಿಯೋ ಇದ್ದಳೆಂಬುದು ಅದಕ್ಕೆ ಉತ್ತರವಲ್ಲ. ದೇಹವು ಅಲ್ಲಿದ್ದರೂ ಛಾಯೆಯು ಇಲ್ಲಿ ಬರಬಹುದಲ್ಲವೇ! ಸಾರಾ ಗುಡ್ಡಳ ನಾಲ್ಕೈದು ವರ್ಷದ ಮಗುವನ್ನು ಸಹ ವಿಚಾರಿಸಿ ಸೆರೆಮನೆಗೆ ತಳ್ಳಿದರು. ತಿಂಗಳುಗಟ್ಟಲೆ ಸಂಕೋಲೆಯಲ್ಲಿದ್ದು ಬಂದ ಆ ಹಸುಳೆಯ ಬುದ್ಧಿಯು ಮತ್ತೆ ಸರಿಹೋಗಲಿಲ್ಲವೆಂದು ಅದರ ತಂದೆಯು ೧೭೧೦ರಲ್ಲಿ ಸರ್ಕಾರಕ್ಕೆ ಬರೆದುಕೊಂಡನು. ಎಪ್ಪತ್ತೊಂದು ವರ್ಷದ ರೆಬೆಕಾ ನರ್ಸ್ ಎಂಬ ದೈವಭಕ್ತೆಯನ್ನು ಪಂಚಾಯಿತರು ಒಮ್ಮೆ ನಿರ್ದೋಷಿಯೆಂದು ಬಿಟ್ಟಿದ್ದರು. ಮುಖ್ಯ ನ್ಯಾಯಾಧಿಪತಿಯು ಮತ್ತೊಮ್ಮೆ ಆಲೋಚಿಸಿರೆಂದನು. ಕಿವಿ ಮಂದವಾಗಿದ್ದ ಮುದುಕಿಯು ಅವರ ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಸುಮ್ಮನಿದ್ದಳು. ಆ ಮೌನವೇ ದೋಷವೆಂದು ಎಣಿಸಲ್ಪಟ್ಟು ಜುಲೈ ೧೯ರಂದು ಅವಳಿಗೆ ಗಲ್ಲಾಯಿತು.

ಒಟ್ಟು ಹತ್ತೊಂಬತ್ತು ಜನ ಗಲ್ಲಿಗೇರಿದರು. ಗೈಲ್ಸ್ ಕೋರಿ ಎಂಬ ವೃದ್ಧನು ವಿಚಾರಣೆಗೆ ಒಪ್ಪದ ಕಾರಣ ಎದೆಯ ಮೇಲೆ ಕಲ್ಲುಗಳನ್ನು ಹೇರಿ ಅವನನ್ನು ಕೊಂದರು. ಇನ್ನೂ ಕೆಲವರು ಸೆರೆಮನೆಯಲ್ಲಿಯೇ ಸತ್ತರು. ಮಾಟ ಮಾಡಿದೆನೆಂದು ಒಪ್ಪಿಕೊಂಡು ಸುಳ್ಳಾಡಿದವರು ಬಹುಮಟ್ಟಿಗೆ ಬದುಕಿಕೊಂಡರು. ಮಾಡಲಿಲ್ಲವೆಂದು ನಿಜವಾಡಿದವರು ಸತ್ತರು. ಸತ್ಯಕ್ಕಾಗಿ ದೇಶವನ್ನೇ ಬಿಟ್ಟು ಬಂದವರ ನಾಡಿನಲ್ಲಿ ಸತ್ಯಕ್ಕೆ ದೊರೆತ ಬೆಲೆ ಇದು. ಕೆಲವು ವರ್ಷಗಳಲ್ಲಿ ಜನಕ್ಕೆ ವಿವೇಕವು ಮರಳಿತು. ೧೭೧೧ರಲ್ಲಿ ಪ್ರಾಂತಸಭೆಯು ಅನೇಕರ ಶಿಕ್ಷೆಗಳನ್ನು ರದ್ದುಮಾಡಿ, ನೊಂದ ಕುಟುಂಬಗಳಿಗೆ ಸುಮಾರು ೫೭೮ ಪೌಂಡುಗಳ ಪರಿಹಾರವನ್ನು ಕೊಟ್ಟಿತು. ಜಾನ್ ಹಾಥಾರ್ನನು ಮಾತ್ರ ಪಶ್ಚಾತ್ತಾಪದ ಒಂದು ಮಾತನ್ನೂ ಬಿಟ್ಟುಹೋಗಲಿಲ್ಲ. ಅವನು ಮೇಲಣ ನ್ಯಾಯಸ್ಥಾನದಲ್ಲಿ ನ್ಯಾಯಾಧಿಪತಿಯಾಗಿ ಮೆರೆದು, ೧೭೧೭ರಲ್ಲಿ ಗೌರವದಿಂದ ತೀರಿಕೊಂಡನು. ಸೇಲಮಿನ ಚಾರ್ಟರ್ ಬೀದಿಯ ಸ್ಮಶಾನದಲ್ಲಿ ಅವನ ಗೋರಿಯ ಕಲ್ಲು ಈಗಲೂ ಇದೆ.

ಆ ಸ್ಮಶಾನಕ್ಕೆ ಅಂಟಿಕೊಂಡೇ ಇದ್ದ ಮನೆಯೊಂದರಲ್ಲಿ ಸೋಫಿಯಾ ಪೀಬಡಿ ಎಂಬ ಕನ್ಯೆಯಿದ್ದಳು. ಹಾಥಾರ್ನನು ೧೮೪೨ರಲ್ಲಿ ಅವಳನ್ನು ಮದುವೆಯಾದನು. ವಧುವನ್ನು ನೋಡಲು ಹೋದಾಗಲೆಲ್ಲ ಮುತ್ತಜ್ಜನ ತಂದೆಯ ಗೋರಿಯು ಅವನಿಗೆ ನೆರೆಯಲ್ಲಿಯೇ ಇದ್ದಂತಾಯಿತು. ಗಲ್ಲಿಗೇರಿದವರ ಶಾಪವು ಹಾಥಾರ್ನ್ ವಂಶಕ್ಕೆ ತಟ್ಟಿದೆಯೆಂಬ ಮಾತು ಮನೆತನದಲ್ಲಿ ಬಳಕೆಯಲ್ಲಿತ್ತು. ಸಿರಿತನವು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದುದಕ್ಕೆ ಅದೇ ಕಾರಣವೆಂದು ನಂಬುವವರೂ ಇದ್ದರು.

ಹಿರಿಯರು ತಮ್ಮ ಮನೆತನದ ಹೆಸರನ್ನು ಬರೆಯುವಾಗ ಇಂಗ್ಲಿಷಿನ ಡಬ್ಲ್ಯೂ ಅಕ್ಷರವನ್ನು ಸೇರಿಸುತ್ತಿರಲಿಲ್ಲ. ಕಥೆಗಾರನು ಯೌವನದಲ್ಲಿ ಅದನ್ನು ಸೇರಿಸಿಕೊಂಡನು. ಕನ್ನಡ ಲಿಪಿಯಲ್ಲಿ ಈ ಭೇದವು ಕಾಣುವುದಿಲ್ಲ. ಕ್ರೂರಿಗಳಾದ ಪೂರ್ವಿಕರಿಂದ ದೂರವಾಗುವುದಕ್ಕಾಗಿಯೇ ಹಾಗೆ ಮಾಡಿದನೆಂದು ಅನೇಕರು ಹೇಳುವುದುಂಟು. ಒಂದು ಅಕ್ಷರದಿಂದ ಕಳಚಿಕೊಳ್ಳುವಂತಹ ಬಂಧವು ಅದಾಗಿದ್ದರೆ ಅವನು ಮುಂದೆ ಮಾಡಿದುದನ್ನು ಮಾಡಬೇಕಾಗಿಯೇ ಇರಲಿಲ್ಲ. ೧೮೪೬ರಿಂದ ಮೂರು ವರ್ಷ ಅವನು ಸೇಲಮಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದನು. ಸರ್ಕಾರವು ಬದಲಾಗಿ ೧೮೪೯ರಲ್ಲಿ ಕೆಲಸ ಹೋಯಿತು. ಅದೇ ವರ್ಷ ತಾಯಿಯೂ ತೀರಿಕೊಂಡಳು. ಆ ದುಃಖದ ಕಾಲದಲ್ಲಿ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ ಎಂಬ ಕಾದಂಬರಿಯು ೧೮೫೦ರಲ್ಲಿ ಹೊರಬಂದಿತು. ಅದರ ಪೀಠಿಕೆಯಲ್ಲಿ ಅವನು ವಿಲಿಯಂ, ಜಾನ್ ಇಬ್ಬರನ್ನೂ ಓದುಗರ ಮುಂದೆ ತಂದು ನಿಲ್ಲಿಸಿದನು. ಅವರ ಗಾಂಭೀರ್ಯವನ್ನು ಅಲ್ಲಗಳೆಯಲಿಲ್ಲ, ಕ್ರೌರ್ಯವನ್ನು ಮುಚ್ಚಲಿಲ್ಲ. ಅವರು ಪಶ್ಚಾತ್ತಾಪಪಟ್ಟರೋ ಇಲ್ಲವೋ, ಅವರ ಪ್ರತಿನಿಧಿಯಾದ ತಾನು ಅವರ ನಾಚಿಕೆಯನ್ನು ತನ್ನ ಮೇಲೆ ಹೊರುವುದಾಗಿ ಹೇಳಿ, ಶಾಪವೇನಾದರೂ ಇದ್ದರೆ ಇಲ್ಲಿಗೆ ತೀರಲೆಂದು ಪ್ರಾರ್ಥಿಸಿದನು.

ಮರುವರ್ಷದ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ ಎಂಬ ಕಾದಂಬರಿಯಲ್ಲಿ ಇದೇ ಯೋಚನೆಯು ಮುಂದುವರಿಯಿತು. ಅಲ್ಲಿ ಒಬ್ಬ ಪ್ರಬಲನು ಬಡವನೊಬ್ಬನ ಭೂಮಿಯನ್ನು ಬಯಸಿ, ಅವನನ್ನು ಮಾಟಗಾರನೆಂದು ಗಲ್ಲಿಗೇರಿಸಲು ಕಾರಣನಾಗುತ್ತಾನೆ. ಸಾಯುವವನ ಶಾಪವು ಮನೆಯನ್ನು ಹಿಡಿಯುತ್ತದೆ. ಕಡೆಗೆ ಎರಡು ಮನೆತನಗಳ ಎಳೆಯರು ಮದುವೆಯಾಗಿ ಹಗೆಯು ಮುಗಿಯುತ್ತದೆ. ಇದಕ್ಕೆ ಹಾಥಾರ್ನ್ ವಂಶದಲ್ಲಿಯೇ ಆಧಾರವಿತ್ತು. ಫಿಲಿಪ್ ಇಂಗ್ಲಿಷ್ ಎಂಬ ಸೇಲಮಿನ ಸಿರಿವಂತ ವರ್ತಕನು ೧೬೯೨ರಲ್ಲಿ ಆರೋಪಕ್ಕೆ ಸಿಕ್ಕಿ, ಹೆಂಡತಿಯೊಡನೆ ನ್ಯೂಯಾರ್ಕಿಗೆ ಓಡಿಹೋಗಿ ಜೀವವನ್ನು ಉಳಿಸಿಕೊಂಡನು. ಅವನ ಆಸ್ತಿಯು ಲೂಟಿಯಾಯಿತು. ಅಂತಹವನ ಸಂತತಿಯ ಹೆಣ್ಣೊಬ್ಬಳು ಮುಂದೆ ಹಾಥಾರ್ನರ ಮನೆಗೆ ಸೊಸೆಯಾಗಿ ಬಂದಳು. ಕಥೆಗಾರನು ಇದನ್ನು ತನ್ನ ದಿನಚರಿಯಲ್ಲಿ ಗುರುತುಹಾಕಿಕೊಂಡಿದ್ದನು.

೧೮೫೩ರಲ್ಲಿ ಹಾಥಾರ್ನನು ಲಿವರ್‌ಪೂಲಿನಲ್ಲಿ ಅಮೆರಿಕದ ರಾಯಭಾರಾಧಿಕಾರಿಯಾಗಿ ನೇಮಿತನಾದನು. ಅಲ್ಲಿದ್ದ ನಾಲ್ಕು ವರ್ಷಗಳಲ್ಲಿ ತನ್ನ ಮೂಲಪುರುಷನು ಇಂಗ್ಲೆಂಡಿನ ಯಾವ ಊರಿನಿಂದ ಹೊರಟವನೆಂದು ತಿಳಿಯಲು ಆಸೆಪಟ್ಟನು. ಹಳೆಯ ಇಗರ್ಜಿಗಳ ಅಂಗಳದಲ್ಲಿ ತನ್ನ ಮನೆತನದ ಹೆಸರುಳ್ಳ ಒಂದು ಕಲ್ಲಾದರೂ ಕಂಡೀತೇ ಎಂದು ನೋಡಿದನು, ಕಾಣಲಿಲ್ಲ. ಅವನು ೧೮೬೪ರಲ್ಲಿ ತೀರಿಕೊಂಡ ಮೇಲೆ ವಂಶಶೋಧಕರು ವಿಲಿಯಮನ ಮೂಲವನ್ನು ಬರ್ಕ್‌ಷೈರ್ ಪ್ರಾಂತದ ಬಿನ್‌ಫೀಲ್ಡ್, ಬ್ರೇ ಎಂಬ ಹಳ್ಳಿಗಳಲ್ಲಿ ಗುರುತಿಸಿದರು. ಪೂರ್ವಿಕನ ಪಾಪವು ಅವನಿಗೆ ಸಿಕ್ಕಿತು. ಪೂರ್ವಿಕನ ಊರು ಸಿಕ್ಕಲಿಲ್ಲ.

ಇಷ್ಟನ್ನು ಓದಿದವರು ಹಾಥಾರ್ನನನ್ನು ಕೊಂಡಾಡುವುದು ಸಹಜ. ಆದರೆ ಇಲ್ಲಿ ಇನ್ನೊಂದು ಪ್ರಶ್ನೆಯು ಏಳದಿರದು. ಸತ್ತವರ ಪಾಪಕ್ಕಾಗಿ ನಾಚುವುದು ಎಷ್ಟು ಕಷ್ಟ? ತನ್ನ ಪಾಪಕ್ಕಾಗಿ ನಾಚುವುದು ಎಷ್ಟು ಕಷ್ಟ? ಈ ಎರಡನ್ನೂ ತೂಗಿ ನೋಡಲು ಅದೇ ೧೬೯೨ರ ನ್ಯಾಯಪೀಠದಲ್ಲಿ ಜಾನ್ ಹಾಥಾರ್ನನ ಜೊತೆಯಲ್ಲಿದ್ದ ಸ್ಯಾಮ್ಯುಯಲ್ ಸ್ಯೂಯಲ್ ಎಂಬ ನ್ಯಾಯಾಧಿಪತಿಯನ್ನು ನೆನೆಯಬೇಕು. ೧೬೯೭ರ ಜನವರಿ ೧೪, ಉಪವಾಸದ ದಿನ, ಬಾಸ್ಟನ್ನಿನ ಇಗರ್ಜಿಯಲ್ಲಿ ಸಭೆಯೆಲ್ಲ ನೋಡುತ್ತಿರುವಂತೆ ಅವನು ಎದ್ದು ನಿಂತನು. ಆ ತೀರ್ಪುಗಳ ದೋಷವೂ ನಾಚಿಕೆಯೂ ತನ್ನ ಮೇಲಿರಲೆಂದು ಅವನು ಬರೆದುಕೊಟ್ಟ ಚೀಟಿಯನ್ನು ಪಾದ್ರಿಯು ಓದಿ ಮುಗಿಸುವ ವರೆಗೂ ಅವನು ನಿಂತೇ ಇದ್ದನು. ಮೂರು ವರ್ಷಗಳ ತರುವಾಯ, ೧೭೦೦ರಲ್ಲಿ, ನೀಗ್ರೋ ಜನರನ್ನು ಕೊಂಡು ಮಾರುವುದು ಅಧರ್ಮವೆಂದು ‘ದಿ ಸೆಲ್ಲಿಂಗ್ ಆಫ್ ಜೋಸೆಫ್’ ಎಂಬ ಪುಸ್ತಿಕೆಯನ್ನು ಅಚ್ಚುಹಾಕಿಸಿದವನೂ ಅವನೇ. ತನ್ನ ತಪ್ಪನ್ನು ಕಂಡ ಕಣ್ಣಿಗೆ ತನ್ನ ಕಾಲದ ತಪ್ಪೂ ಕಂಡಿತು.

ಹಾಥಾರ್ನನಿಗೆ ಹಾಗಾಗಲಿಲ್ಲ. ಅವನ ಕಾಲದಲ್ಲಿ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಲಕ್ಷಾಂತರ ಜನ ಗುಲಾಮರಾಗಿದ್ದರು. ೧೮೫೦ರ ಕಾಯಿದೆಯ ಪ್ರಕಾರ ಓಡಿಬಂದ ಗುಲಾಮನನ್ನು ಹಿಡಿದುಕೊಡುವುದು ಉತ್ತರದವರಿಗೂ ಕರ್ತವ್ಯವಾಯಿತು. ಹಾಥಾರ್ನನ ಕಾಲೇಜಿನ ಗೆಳೆಯನಾದ ಫ್ರಾಂಕ್ಲಿನ್ ಪಿಯರ್ಸನು ೧೮೫೨ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ನಿಂತಾಗ ಹಾಥಾರ್ನನು ಅವನ ಜೀವನಚರಿತ್ರೆಯನ್ನು ಬರೆದುಕೊಟ್ಟನು. ಗುಲಾಮಗಿರಿಯು ಮನುಷ್ಯಪ್ರಯತ್ನದಿಂದ ಹೋಗತಕ್ಕದ್ದಲ್ಲ, ದೈವಸಂಕಲ್ಪದಿಂದ ತಕ್ಕ ಕಾಲಕ್ಕೆ ತಾನಾಗಿ ಕರಗಿಹೋದೀತು ಎಂಬ ಅಭಿಪ್ರಾಯವನ್ನು ಅದರಲ್ಲಿ ಹೇಳಿದನು. ಪಿಯರ್ಸನು ಗೆದ್ದನು, ಲಿವರ್‌ಪೂಲಿನ ಉದ್ಯೋಗವು ಗೆಳೆಯನಿಗೆ ಬಂದಿತು. ಆನ್ ಕೋಲ್ಮನ್ನಳ ಬೆನ್ನಿನ ಮೇಲೆ ಬಿದ್ದ ಮೂವತ್ತು ಏಟುಗಳನ್ನು ಇನ್ನೂರು ವರ್ಷಗಳ ಆಚೆಯಿಂದ ಎಣಿಸಿದವನಿಗೆ, ತನ್ನ ಕಾಲದಲ್ಲಿಯೇ ಬೀಳುತ್ತಿದ್ದ ಏಟುಗಳು ಕಾಯಬಹುದಾದ ವಿಷಯವಾಗಿ ತೋರಿದುವು.

ಇದನ್ನು ಹೇಳುವುದು ಆ ಮಹಾ ಲೇಖಕನನ್ನು ಹಳಿಯುವುದಕ್ಕಲ್ಲ. ಜಾನ್ ಹಾಥಾರ್ನನೂ ರಾಕ್ಷಸನಾಗಿರಲಿಲ್ಲ. ತನ್ನ ಕಾಲದವರೆಲ್ಲ ನಂಬಿದುದನ್ನು ನಂಬಿ, ಕರ್ತವ್ಯವೆಂದೇ ತಿಳಿದು ನಡೆದನು. ಅವನ ಭಯಂಕರತೆಯು ಇರುವುದು ಅಲ್ಲಿಯೇ. ಪೂರ್ವಿಕನ ಚರಿತ್ರೆಯು ಕಲಿಸತಕ್ಕ ಪಾಠವೆಂದರೆ ಅವನು ಕೆಟ್ಟವನು, ತಾನು ಒಳ್ಳೆಯವನು ಎಂಬುದಲ್ಲ. ಅಷ್ಟು ದೃಢನೂ ಭಕ್ತನೂ ಆದವನು ಕಣ್ಣೆದುರಿನ ಅನ್ಯಾಯವನ್ನು ಕಾಣದೆ ಹೋದನಾದರೆ, ಈಗಿನವರು ಯಾವುದನ್ನು ಕಾಣದೆ ಇದ್ದಾರೆ ಎಂದು ವಿಚಾರಿಸಿಕೊಳ್ಳುವುದೇ ಆ ಪಾಠ. ಪಿತೃಋಣವು ಹಿಂದಕ್ಕೆ ತಿರುಗಿ ಕಣ್ಣೀರು ಹಾಕಿದ ಮಾತ್ರಕ್ಕೆ ತೀರುವುದಿಲ್ಲ.

ಸೇಲಮಿನವರು ೧೯೯೨ರಲ್ಲಿ, ಆ ದುರಂತಕ್ಕೆ ಮುನ್ನೂರು ವರ್ಷ ತುಂಬಿದಾಗ, ಚಾರ್ಟರ್ ಬೀದಿಯ ಸ್ಮಶಾನದ ಪಕ್ಕದಲ್ಲಿ ಒಂದು ಸ್ಮಾರಕವನ್ನು ಕಟ್ಟಿದರು. ಸತ್ತ ಇಪ್ಪತ್ತು ಮಂದಿಯ ಹೆಸರಿನಲ್ಲಿ ಗೋಡೆಗೆ ಸೇರಿದಂತೆ ಇಪ್ಪತ್ತು ಕಲ್ಲಿನ ಆಸನಗಳಿವೆ. ಹೀಗೆ ರೆಬೆಕಾ ನರ್ಸಳ ಹೆಸರೂ ಅವಳನ್ನು ಸೆರೆಗೆ ಕಳುಹಿಸಿದ ಜಾನ್ ಹಾಥಾರ್ನನ ಗೋರಿಯೂ ಈಗ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ.

ಶಿಕ್ಷೆ ರದ್ದಾದವರ ಪಟ್ಟಿಯಲ್ಲಿ ಮಾತ್ರ ಒಂದು ಹೆಸರು ಬಹುಕಾಲ ಬಿಟ್ಟುಹೋಗಿತ್ತು. ಎಲಿಜಬೆತ್ ಜಾನ್ಸನ್ ಎಂಬುವಳಿಗೆ ಮರಣದಂಡನೆಯು ವಿಧಿತವಾಗಿದ್ದು, ಗವರ್ನರನ ಕೃಪೆಯಿಂದ ಜೀವ ಉಳಿದಿತ್ತು. ಆದರೆ ಅಪರಾಧಿಯೆಂಬ ಹೆಸರು ಅಳಿಸಿರಲಿಲ್ಲ. ಬೇರೆಯವರ ಪರವಾಗಿ ಮಕ್ಕಳು, ಮೊಮ್ಮಕ್ಕಳು, ದೂರದ ವಂಶಸ್ಥರು ಅರ್ಜಿ ಹಾಕಿದರು. ಇವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ, ಕೇಳುವವರೂ ಇಲ್ಲ. ಕಡೆಗೆ ಮ್ಯಾಸಚೂಸೆಟ್ಸಿನ ಶಾಲೆಯೊಂದರ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು ತಮ್ಮ ಉಪಾಧ್ಯಾಯಿನಿಯೊಡನೆ ಹಳೆಯ ಕಾಗದಗಳನ್ನು ಶೋಧಿಸಿ ಶಾಸನಸಭೆಗೆ ಬರೆದುಕೊಂಡರು. ೨೦೨೨ರಲ್ಲಿ, ಮುನ್ನೂರ ಮೂವತ್ತು ವರ್ಷಗಳ ಮೇಲೆ, ಅವಳು ನಿರ್ದೋಷಿಯೆಂದು ಶಾಸನವಾಯಿತು. ಅವಳಿಗೂ ಆ ಮಕ್ಕಳಿಗೂ ರಕ್ತಸಂಬಂಧವಿರಲಿಲ್ಲ. ಆದರೂ ತರ್ಪಣ ಬಿಡಲು ಸಂತತಿಯಿಲ್ಲದವಳಿಗೆ ಅವರೇ ಸಂತತಿಯಾದರು.